ಹೈನುಗಾರ ಮಹಿಳೆಯರ ಕತ್ತು ನೋವು: ಕಾರಣಗಳು ಮತ್ತು ಫಿಸಿಯೋಥೆರಪಿ ಚಿಕಿತ್ಸೆ



ಹಸು ಒಂದು ಹೊತ್ತು ಮೇವು ಬಿಟ್ಟರೆ ನೀವು ಅಂದೇ ಪಶುವೈದ್ಯರಿಗೆ ಫೋನ್ ಮಾಡುತ್ತೀರಿ. ಕೆಚ್ಚಲು ಸ್ವಲ್ಪ ಬಿಸಿಯಾದರೂ ನಿಮ್ಮ ಕೈಗೆ ಗೊತ್ತಾಗುತ್ತದೆ. ಆದರೆ ನಿಮ್ಮದೇ ಕತ್ತು ಆರು ತಿಂಗಳಿಂದ ನೋಯುತ್ತಿದ್ದರೂ "ಕೆಲಸ ಮಾಡೋರಿಗೆ ಇದೆಲ್ಲಾ ಇದ್ದದ್ದೇ" ಎಂದು ಸುಮ್ಮನಿರುತ್ತೀರಿ. ನೋವು ತಡೆಯಲಾಗದ ದಿನ ಅಂಗಡಿಯಿಂದ ಒಂದು ಮಾತ್ರೆ ತರಿಸಿ ನುಂಗಿ, ಸಂಜೆ ಮತ್ತೆ ಹಾಲು ಕರೆಯಲು ಕೂರುತ್ತೀರಿ.

ಆಸ್ಪತ್ರೆಗೆ ಏಕೆ ಹೋಗಲಿಲ್ಲ ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: "ಹೋದರೆ ರೆಸ್ಟ್ ತಗೊಳ್ಳಿ ಅಂತಾರೆ. ನಾನು ಮಲಗಿದರೆ ಹಾಲು ಕರೆಯೋರು ಯಾರು?" ಈ ಪ್ರಶ್ನೆ ನ್ಯಾಯವಾದದ್ದೇ. ಡೇರಿಗೆ ಹಾಲು ಬೆಳಿಗ್ಗೆಯೂ ಹೋಗಬೇಕು, ಸಂಜೆಯೂ ಹೋಗಬೇಕು. ಹದಿನೈದು ದಿನಕ್ಕೊಮ್ಮೆ ಬರುವ ಬಟವಾಡೆಯ ಮೇಲೆ ಮಕ್ಕಳ ಫೀಸು, ಸಂಘದ ಸಾಲದ ಕಂತು ಎಲ್ಲವೂ ನಿಂತಿದೆ.

ಆದ್ದರಿಂದ ಈ ಪಾಠದ ಮುಖ್ಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ. ಸಾಮಾನ್ಯವಾಗಿ ಬರುವ ಕತ್ತು ನೋವಿಗೆ ಹಾಸಿಗೆ ಹಿಡಿದು ಮಲಗುವ ಅಗತ್ಯವಿಲ್ಲ. ಬಹಳ ದಿನ ಅಲುಗಾಡದೆ ಮಲಗಿದರೆ ಕತ್ತು ಇನ್ನಷ್ಟು ಬಿಗಿಯುತ್ತದೆ. ಬೇಕಾಗಿರುವುದು ಎರಡು: ಹೊರುವ, ಬಗ್ಗುವ ರೀತಿಯನ್ನು ಬದಲಿಸುವುದು ಮತ್ತು ದಿನಕ್ಕೆ ಎರಡು ಸಲ ಹತ್ತು ನಿಮಿಷ ವ್ಯಾಯಾಮ ಮಾಡುವುದು. ಹಾಲು ನಿಲ್ಲಿಸದೆಯೇ ಇದನ್ನು ಮಾಡಬಹುದು. ಆದರೆ ಕೆಲವು ಕತ್ತು ನೋವುಗಳು ಬೇರೆ ಜಾತಿಯವು. ಅವುಗಳಿಗೆ ವ್ಯಾಯಾಮವಲ್ಲ, ತಕ್ಷಣ ವೈದ್ಯರು ಬೇಕು. ಎರಡನ್ನೂ ಬೇರೆ ಮಾಡಿ ಗುರುತಿಸುವುದನ್ನು ಇಲ್ಲಿ ಕಲಿಯೋಣ.

ಕತ್ತು ಹೊರುವ ಭಾರ ಎಷ್ಟು?

ಕತ್ತಿನಲ್ಲಿ ಒಂದರ ಮೇಲೊಂದು ಜೋಡಿಸಿದಂತೆ 7 ಮೂಳೆಗಳಿವೆ. ಅವುಗಳ ನಡುವೆ ಮೆತ್ತೆಯಂಥ ಡಿಸ್ಕ್‌ಗಳಿವೆ. ಒಳಗಿನ ಕೊಳವೆಯಲ್ಲಿ ಮಿದುಳಿನಿಂದ ಇಳಿದು ಬರುವ ಬೆನ್ನುಹುರಿ ಇದೆ. ಅದರಿಂದ ಎರಡೂ ಪಕ್ಕಕ್ಕೆ ನರಗಳು ಹೊರಟು ಭುಜ, ತೋಳು, ಬೆರಳುಗಳಿಗೆ ಹೋಗುತ್ತವೆ. ಇದನ್ನೆಲ್ಲಾ ನೆಟ್ಟಗೆ ಹಿಡಿದು ನಿಲ್ಲಿಸುವುದು ತಲೆಯ ಹಿಂಭಾಗದಿಂದ ಭುಜದವರೆಗೆ, ಬೆನ್ನಿನ ರೆಕ್ಕೆಮೂಳೆಯವರೆಗೆ ಹಬ್ಬಿರುವ ಸ್ನಾಯುಗಳು.

ನಮ್ಮ ತಲೆಯೇ 4ರಿಂದ 5 ಕೆ.ಜಿ. ತೂಗುತ್ತದೆ. ತಲೆ ನೆಟ್ಟಗಿದ್ದಾಗ ಆ ಭಾರ ಮೂಳೆಗಳ ಮೇಲೆ ಕೂರುತ್ತದೆ. ಮುಂದಕ್ಕೆ ಬಗ್ಗಿಸಿದರೆ ಹಿಂದಿನ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕು. ತುಂಬಿದ ಕೊಡವನ್ನು ಮೈಗೆ ಒತ್ತಿ ಹಿಡಿದರೆ ಹಗುರ, ಕೈ ಮುಂದೆ ಚಾಚಿ ಹಿಡಿದರೆ ಭಾರ. ಕತ್ತಿನ ಲೆಕ್ಕವೂ ಹೀಗೆಯೇ.

ಈಗ ಹೊರೆಯ ಲೆಕ್ಕ ನೋಡಿ. ಹಾಲು ಕೊಡುವ ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ ಸುಮಾರು 25 ಕೆ.ಜಿ. ಹಸಿಮೇವು ಬೇಕು. ಎರಡು ಹಸುಗಳಿಗೆ 50 ಕೆ.ಜಿ. ತಿಂಗಳಿಗೆ 1,500 ಕೆ.ಜಿ. ಹೊಲದಿಂದ ಕೊಟ್ಟಿಗೆಗೆ ಇದನ್ನು ನೀವೊಬ್ಬರೇ ತಲೆಯ ಮೇಲೆ ಹೊತ್ತು ತಂದರೆ, ತಿಂಗಳಿಗೆ ಒಂದೂವರೆ ಟನ್ ಮೇವು ನಿಮ್ಮ ಕತ್ತಿನ ಮೇಲೆ ಹಾದುಹೋಗುತ್ತದೆ. ಸಗಣಿ ಬುಟ್ಟಿ, ನೀರಿನ ಕೊಡ, ಹಾಲಿನ ಕ್ಯಾನು ಇದರಲ್ಲಿ ಸೇರಿಲ್ಲ. ಕತ್ತು ನೋಯುವುದು ನಿಮ್ಮ ಸೋಮಾರಿತನದಿಂದಲೂ ಅಲ್ಲ, ಹಣೆಬರಹದಿಂದಲೂ ಅಲ್ಲ. ಭಾರಕ್ಕೂ ಭಂಗಿಗೂ ಲೆಕ್ಕವಿದೆ. ಲೆಕ್ಕವಿರುವ ಕಡೆ ಕಡಿಮೆ ಮಾಡುವ ದಾರಿಯೂ ಇದೆ.

ನಾಲ್ಕು ಸಾಮಾನ್ಯ ಕಾರಣಗಳು

1. ಸ್ನಾಯು ಬಿಗಿತ. ಇದು ಎಲ್ಲಕ್ಕಿಂತ ಹೆಚ್ಚು ಕಾಣುವಂಥದ್ದು. ಕತ್ತಿನ ಹಿಂದೆ, ಭುಜದ ಮೇಲೆ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಒತ್ತಿದರೆ ಗಂಟು ಸಿಕ್ಕಂತಾಗಿ ನೋಯುತ್ತದೆ. ಕೆಲವೊಮ್ಮೆ ನೋವು ತಲೆಯ ಹಿಂಭಾಗಕ್ಕೆ ಏರಿ ತಲೆನೋವಾಗುತ್ತದೆ. ಸಂಜೆಯ ಹೊತ್ತಿಗೆ ಹೆಚ್ಚು, ಬಿಸಿನೀರು ಸುರಿದುಕೊಂಡರೆ ಕಡಿಮೆ. ಬಗ್ಗಿ ಮೇವು ಕೊಯ್ಯುವುದು, ಬಗ್ಗಿ ಕೊಟ್ಟಿಗೆ ಗುಡಿಸುವುದು, ತಲೆಯನ್ನು ಹಸುವಿನ ಹೊಟ್ಟೆಗೆ ಆನಿಸಿ ಹಾಲು ಕರೆಯುವುದು ಇದಕ್ಕೆ ಮುಖ್ಯ ಕಾರಣ.

2. ಕತ್ತು ಹಿಡಿದುಕೊಳ್ಳುವುದು. ಬೆಳಿಗ್ಗೆ ಏಳುವಾಗ ಕತ್ತು ಒಂದು ಕಡೆಗೆ ತಿರುಗುವುದೇ ಇಲ್ಲ. ಅಥವಾ ಹೊರೆಯನ್ನು ತಲೆಯಿಂದಲೇ ಝಾಡಿಸಿ ಕೆಡವುವಾಗ, ಕರು ಹಗ್ಗ ಜಗ್ಗಿದಾಗ ಚುಳ್ ಎಂದು ಹಿಡಿದುಬಿಡುತ್ತದೆ. ಕತ್ತಿನ ಚಿಕ್ಕ ಕೀಲು ಕೆರಳಿ, ಸುತ್ತಲಿನ ಸ್ನಾಯು ಅದನ್ನು ಕಾಪಾಡಲು ಬಿಗಿದುಕೊಳ್ಳುವುದರಿಂದ ಹೀಗಾಗುತ್ತದೆ. ನೋಡುವುದಕ್ಕೆ ಹೆದರಿಕೆಯಾದರೂ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಸಡಿಲವಾಗುತ್ತದೆ.

3. ಸವೆತ. ಇದನ್ನೇ ವೈದ್ಯರು ಸ್ಪಾಂಡಿಲೋಸಿಸ್ ಎನ್ನುತ್ತಾರೆ. ವಯಸ್ಸಾದಂತೆ ಡಿಸ್ಕ್ ತೆಳುವಾಗುತ್ತದೆ, ಮೂಳೆಯ ಅಂಚು ಸ್ವಲ್ಪ ಬೆಳೆಯುತ್ತದೆ. 50 ದಾಟಿದ ಬಹಳ ಜನರ ಎಕ್ಸ್‌ರೇಯಲ್ಲಿ ಇದು ಕಾಣುತ್ತದೆ. ಅವರಲ್ಲಿ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ. ಆದ್ದರಿಂದ ಎಕ್ಸ್‌ರೇ ನೋಡಿ "ಕತ್ತಿನ ಮೂಳೆ ಸವೆದಿದೆ" ಎಂದರೆ ಕತ್ತು ಹಾಳಾಯಿತು ಎಂದು ತಿಳಿಯಬೇಡಿ. ತಲೆಗೂದಲು ನರೆತಂತೆ ಇದೂ ಒಂದು. ಸವೆತ ಹಿಂದಕ್ಕೆ ಹೋಗದಿದ್ದರೂ, ಸ್ನಾಯುಗಳಿಗೆ ಬಲ ಬಂದರೆ ನೋವು ಕಡಿಮೆಯಾಗುತ್ತದೆ.

4. ನರದ ಒತ್ತಡ. ಡಿಸ್ಕ್ ಉಬ್ಬಿ ಅಥವಾ ಮೂಳೆ ಬೆಳೆದು ತೋಳಿಗೆ ಹೋಗುವ ನರವನ್ನು ಒತ್ತುತ್ತದೆ. ಆಗ ಕತ್ತಿಗಿಂತ ತೋಳಿನ ನೋವೇ ಜಾಸ್ತಿ. ಭುಜದಿಂದ ಬೆರಳಿನವರೆಗೆ ಎಳೆದಂತೆ, ಉರಿದಂತೆ ಆಗುತ್ತದೆ, ಬೆರಳುಗಳಿಗೆ ಜೋಮು ಹಿಡಿಯುತ್ತದೆ. ಕೆಲವರಿಗೆ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡರೆ ಹಾಯೆನಿಸುತ್ತದೆ. ಇದಕ್ಕೆ ವೈದ್ಯರಿಗೆ ತೋರಿಸಲೇಬೇಕು. ಹಾಗೆಂದು ಶಸ್ತ್ರಚಿಕಿತ್ಸೆ ಎಂದು ಹೆದರಬೇಡಿ. ಹೆಚ್ಚಿನವರಿಗೆ ಔಷಧಿ ಮತ್ತು ಫಿಸಿಯೋಥೆರಪಿಯಿಂದ ಕೆಲವು ವಾರಗಳಲ್ಲಿ, ಕೆಲವರಿಗೆ ಎರಡು ಮೂರು ತಿಂಗಳಲ್ಲಿ ಕಡಿಮೆಯಾಗುತ್ತದೆ.

ಒಂದು ಎಚ್ಚರಿಕೆ: ಹಾಲು ಕರೆಯುವವರಿಗೆ ಬೆರಳು ಜೋಮು ಹಿಡಿಯುವುದು ಮಣಿಕಟ್ಟಿನಲ್ಲಿ ನರ ಒತ್ತಿದರೂ ಬರುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು, ಕೈ ಕೊಡವಿದರೆ ಸರಿಹೋಗುತ್ತಿದ್ದರೆ ತಪ್ಪದೆ ಅದನ್ನೂ ವೈದ್ಯರಿಗೆ ಹೇಳಿ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ.

ಇವು ಕಂಡರೆ ಕಾಯಬೇಡಿ

ಕೆಳಗಿನ ಯಾವುದೇ ಒಂದು ಲಕ್ಷಣ ಇದ್ದರೂ ವ್ಯಾಯಾಮ, ನೀವುವುದು, ಎಣ್ಣೆ ಯಾವುದನ್ನೂ ಮಾಡದೆ ಮೊದಲು ವೈದ್ಯರ ಬಳಿ ಹೋಗಿ.

• ಬಿದ್ದ ನಂತರ, ಹಸು ಒದ್ದ ಅಥವಾ ಗುಮ್ಮಿದ ನಂತರ, ಗಾಡಿಯಿಂದ ಬಿದ್ದ ನಂತರ ಬಂದ ಜೋರಾದ ಕತ್ತು ನೋವು. ಅಂಥವರನ್ನು ಎಬ್ಬಿಸಿ ಕೂರಿಸಬೇಡಿ. ಕತ್ತು ಅಲುಗದಂತೆ ಮಲಗಿಸಿಯೇ ಇಟ್ಟು 108ಕ್ಕೆ ಫೋನ್ ಮಾಡಿ.

• ಕೈಯ ಬಲ ಕಡಿಮೆಯಾಗುವುದು, ಪಾತ್ರೆ ಕೈಜಾರಿ ಬೀಳುವುದು, ರವಿಕೆಯ ಹುಕ್ಕು ಹಾಕಲು ಆಗದಿರುವುದು, ನಡೆಯುವಾಗ ಕಾಲು ತೊಡರುವುದು, ಮೂತ್ರ ಹಿಡಿತ ತಪ್ಪುವುದು. ಇವು ಬೆನ್ನುಹುರಿಯೇ ಒತ್ತಡಕ್ಕೆ ಸಿಕ್ಕಿರುವ ಗುರುತು. ತಡಮಾಡಿದರೆ ಹೋದ ಬಲ ಪೂರ್ತಿ ಮರಳದಿರಬಹುದು.

• ಜೋರು ಜ್ವರ, ತಲೆನೋವು, ವಾಂತಿಯ ಜೊತೆಗೆ ಗದ್ದ ಎದೆಗೆ ತಾಗಿಸಲಾಗದಷ್ಟು ಕತ್ತು ಬಿಗಿಯುವುದು.

• ಕತ್ತು, ದವಡೆ, ತೋಳಿನ ನೋವಿನ ಜೊತೆ ಎದೆ ಹಿಡಿದಂತಾಗುವುದು, ಬೆವರು, ಉಸಿರಾಟಕ್ಕೆ ಕಷ್ಟ, ವಾಕರಿಕೆ. ಇದು ಹೃದಯದ ತೊಂದರೆ ಇರಬಹುದು. ಹೆಂಗಸರಲ್ಲಿ ಎಷ್ಟೋ ಸಲ ಎದೆನೋವು ಜೋರಾಗಿ ಕಾಣಿಸುವುದೇ ಇಲ್ಲ.

• ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಎರಡಾಗಿ ಕಾಣುವುದು, ಹಿಂದೆಂದೂ ಬಾರದಷ್ಟು ತಲೆನೋವು.

• ಮಲಗಿದರೂ ಬಿಡದ ರಾತ್ರಿ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ವಾರಗಟ್ಟಲೆ ಸಣ್ಣ ಜ್ವರ. ಬೆನ್ನುಮೂಳೆಯ ಕ್ಷಯದಂಥ ಕಾಯಿಲೆಗಳು ಹೀಗೆ ಕಾಣಿಸಿಕೊಳ್ಳುತ್ತವೆ.

ಹೈನುಗಾರರು ಪ್ರತ್ಯೇಕವಾಗಿ ತಿಳಿದಿರಬೇಕಾದ ಕಾಯಿಲೆ ಇನ್ನೊಂದಿದೆ: ಬ್ರುಸೆಲ್ಲೋಸಿಸ್, ಅಂದರೆ ದನಗಳಲ್ಲಿ ಕಂದು ಹಾಕಿಸುವ ರೋಗ. ಕಂದು ಹಾಕಿದ ಹಸುವಿನ ಕಸ, ಸ್ರಾವವನ್ನು ಬರಿಗೈಯಲ್ಲಿ ಮುಟ್ಟಿದರೆ, ಹಸಿ ಹಾಲು ಕುಡಿದರೆ ಇದು ಮನುಷ್ಯರಿಗೂ ಬರುತ್ತದೆ. ಬಂದು ಹೋಗುವ ಜ್ವರ, ರಾತ್ರಿ ಬೆವರು, ಸುಸ್ತು, ಕೀಲು ನೋವು, ಬೆನ್ನು ನೋವು, ಕೆಲವೊಮ್ಮೆ ಕತ್ತು ನೋವು ಇದರ ಲಕ್ಷಣ. ಇಂಥ ಜ್ವರ, ನೋವಿಗೆ ಆಸ್ಪತ್ರೆಗೆ ಹೋದಾಗ "ನಾನು ಹಸು ಸಾಕಿದ್ದೇನೆ, ನಮ್ಮ ಹಸು ಕಂದು ಹಾಕಿತ್ತು" ಎಂದು ನೀವಾಗಿಯೇ ಹೇಳಿ. ಆ ಒಂದು ಮಾತಿನಿಂದ ವೈದ್ಯರು ಸರಿಯಾದ ರಕ್ತ ಪರೀಕ್ಷೆ ಬರೆಯುತ್ತಾರೆ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಈ ರೋಗದ ಲಸಿಕೆ ಹಾಕಿಸಿ, ಕಸ ತೆಗೆಯುವಾಗ ಕೈಗವಸು ಹಾಕಿ, ಹಾಲನ್ನು ಕಾಯಿಸಿಯೇ ಕುಡಿಯಿರಿ.

ಫಿಸಿಯೋಥೆರಪಿಸ್ಟ್ ಏನು ಮಾಡುತ್ತಾರೆ?

ಜಿಲ್ಲಾ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗವಿರುತ್ತದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದೆಯೇ, ಯಾವ ದಿನ ಎಂದು ಆಶಾ ಕಾರ್ಯಕರ್ತೆಯರ ಬಳಿ ಕೇಳಿ. ಹೋಗುವ ಮುಂಚೆ ಒಂದು ಕೆಲಸ ಮಾಡಿ. ನೀವು ಹಾಲು ಕರೆಯುವುದನ್ನು, ಹೊರೆ ಎತ್ತುವುದನ್ನು ಮಕ್ಕಳಿಂದ ಪಕ್ಕದಿಂದ ಮೊಬೈಲಿನಲ್ಲಿ ಒಂದೊಂದು ನಿಮಿಷ ವಿಡಿಯೋ ಮಾಡಿಸಿ. "ಮನೆಕೆಲಸ" ಎಂದು ಹೇಳಿದರೆ ನಿಮ್ಮ ಕೆಲಸ ಏನೆಂದು ಅವರಿಗೆ ತಿಳಿಯುವುದಿಲ್ಲ. ವಿಡಿಯೋ ನೋಡಿದರೆ ತಪ್ಪು ಎಲ್ಲಿದೆ ಎಂದು ಕೂಡಲೇ ಹೇಳುತ್ತಾರೆ.

ಅವರು ಮೊದಲು ನೋವು ಎಲ್ಲಿ, ಯಾವಾಗ ಎಂದು ಕೇಳುತ್ತಾರೆ. ಕತ್ತು ಎಷ್ಟು ತಿರುಗುತ್ತದೆ ನೋಡುತ್ತಾರೆ. ಕೈಯ ಬಲ, ಚರ್ಮದ ಸ್ಪರ್ಶ ಪರೀಕ್ಷಿಸಿ, ಸಣ್ಣ ಸುತ್ತಿಗೆಯಿಂದ ಮೊಣಕೈಯ ಹತ್ತಿರ ತಟ್ಟಿ ನರ ಹೇಗಿದೆ ಎಂದು ತಿಳಿಯುತ್ತಾರೆ. ಇದಿಷ್ಟರಿಂದಲೇ ಹೆಚ್ಚಿನ ಸಲ ಕಾರಣ ಗೊತ್ತಾಗುತ್ತದೆ. ಎಲ್ಲರಿಗೂ ಎಂಆರ್‌ಐ ಸ್ಕ್ಯಾನ್ ಬೇಕಿಲ್ಲ.

ಚಿಕಿತ್ಸೆಯಲ್ಲಿ ಮೂರು ಭಾಗ. ಮೊದಲನೆಯದು ನೋವು ಇಳಿಸುವುದು: ಶಾಖ, ಸಣ್ಣಗೆ ಜುಮ್ಮೆನ್ನಿಸುವ ವಿದ್ಯುತ್ ಯಂತ್ರ, ಕೆಲವರಿಗೆ ಕತ್ತನ್ನು ನಯವಾಗಿ ಎಳೆಯುವ ಟ್ರ್ಯಾಕ್ಷನ್. ಎರಡನೆಯದು ಕೈಚಿಕಿತ್ಸೆ: ಬಿಗಿದ ಸ್ನಾಯುವನ್ನು ಒತ್ತಿ ಸಡಿಲಿಸುವುದು, ಕೀಲನ್ನು ಮೆಲ್ಲಗೆ ಆಡಿಸುವುದು. ಮೂರನೆಯದು ವ್ಯಾಯಾಮ. ಯಂತ್ರದ ಸುಖ ಕೆಲವು ಗಂಟೆಗಳದ್ದು. ಬಹುಕಾಲ ಉಳಿಯುವುದು ವ್ಯಾಯಾಮದ ಫಲ. "ಕರೆಂಟ್ ಇಡಿಸಿಕೊಂಡು ಬಂದೆ, ಎರಡು ದಿನಕ್ಕೆ ಮತ್ತೆ ಬಂತು" ಎನ್ನುವವರು ಈ ಮೂರನೆಯ ಭಾಗವನ್ನು ಬಿಟ್ಟಿರುತ್ತಾರೆ.

ಮನೆಯಲ್ಲಿ ಮಾಡುವ ವ್ಯಾಯಾಮಗಳು

ಮೇಲಿನ ಅಪಾಯದ ಲಕ್ಷಣಗಳು ಯಾವುದೂ ಇಲ್ಲದಿದ್ದರೆ ಇವನ್ನು ಆರಂಭಿಸಬಹುದು. ತೋಳಿಗೆ ನೋವು ಇಳಿಯುತ್ತಿದ್ದರೆ, ಗರ್ಭಿಣಿಯಾಗಿದ್ದರೆ, ಕತ್ತಿಗೆ ಹಿಂದೆ ಪೆಟ್ಟಾಗಿದ್ದರೆ ಮೊದಲು ಕೇಳಿ ಮಾಡಿ. ಗೋಡೆಗೆ ಬೆನ್ನು ಕೊಟ್ಟು ಅಥವಾ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಮಾಡಿ. ಉಸಿರು ಬಿಗಿ ಹಿಡಿಯಬೇಡಿ.

ವ್ಯಾಯಾಮ 1: ಗದ್ದ ಹಿಂದಕ್ಕೆ. ಎದುರಿಗೆ ನೋಡುತ್ತಾ, ತಲೆ ಬಗ್ಗಿಸದೆ, ಎತ್ತದೆ, ಗದ್ದವನ್ನು ನೆಟ್ಟಗೆ ಹಿಂದಕ್ಕೆ ಸರಿಸಿ. ತಲೆಯ ಹಿಂಭಾಗ ಗೋಡೆಗೆ ತಾಗುವಂತೆ ಹೋಗಬೇಕು. 5 ಎಣಿಸುವವರೆಗೆ ಹಿಡಿದು ಬಿಡಿ. 10 ಸಲ. ಮುಂದಕ್ಕೆ ಚಾಚಿಕೊಂಡೇ ಇರುವ ತಲೆಯನ್ನು ಇದು ಜಾಗಕ್ಕೆ ತರುತ್ತದೆ.

ವ್ಯಾಯಾಮ 2: ರೆಕ್ಕೆ ಕೂಡಿಸುವುದು. ಭುಜಗಳನ್ನು ಮೇಲಕ್ಕೆ ಎತ್ತದೆ, ಬೆನ್ನಿನ ಎರಡು ರೆಕ್ಕೆಮೂಳೆಗಳನ್ನು ಹಿಂದೆ ಹತ್ತಿರ ತನ್ನಿ. 5 ಎಣಿಸಿ ಬಿಡಿ. 10 ಸಲ.

ವ್ಯಾಯಾಮ 3: ಕತ್ತು ತಿರುಗಿಸುವುದು. ನಿಧಾನವಾಗಿ ಬಲ ಭುಜದ ಕಡೆ ನೋಡಿ, ಎಡ ಭುಜದ ಕಡೆ ನೋಡಿ. ನಂತರ ಕಿವಿಯನ್ನು ಭುಜದ ಕಡೆಗೆ ವಾಲಿಸಿ. ಒಂದೊಂದು ಕಡೆ 5 ಸಲ. ನೋವು ಬರುವ ಅಂಚಿನಲ್ಲಿ ನಿಲ್ಲಿಸಿ. ತಲೆಯನ್ನು ಚಕ್ರದಂತೆ ಸುತ್ತಾ ತಿರುಗಿಸಬೇಡಿ.

ವ್ಯಾಯಾಮ 4: ಪಕ್ಕದ ಎಳೆತ. ಬಲಗೈಯನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕುಳಿತುಕೊಳ್ಳಿ. ತಲೆಯನ್ನು ಎಡಕ್ಕೆ ವಾಲಿಸಿ. ಬಲಭುಜದ ಮೇಲೆ ಹಿತವಾದ ಎಳೆತ ಗೊತ್ತಾಗಬೇಕು. 20 ಎಣಿಸಿ. ಒಂದೊಂದು ಕಡೆ 3 ಸಲ.

ವ್ಯಾಯಾಮ 5: ಅಂಗೈ ಒತ್ತು. ಅಂಗೈಯನ್ನು ಹಣೆಗೆ ಇಟ್ಟು, ತಲೆ ಅಲುಗದಂತೆ ಹಣೆಯಿಂದ ಕೈಯನ್ನು, ಕೈಯಿಂದ ಹಣೆಯನ್ನು ಒತ್ತಿ. 5 ಎಣಿಸಿ ಬಿಡಿ. ಹೀಗೆಯೇ ಬಲ ಪಕ್ಕ, ಎಡ ಪಕ್ಕ, ತಲೆಯ ಹಿಂಭಾಗ. ನಿಮ್ಮ ಬಲದ ಅರ್ಧ ಸಾಕು. ಒಂದೊಂದು ಕಡೆ 5 ಸಲ.

ವ್ಯಾಯಾಮ 6: ಟ್ಯೂಬ್ ಎಳೆಯುವುದು. ಇದನ್ನು ಮೂರನೆಯ ವಾರದಿಂದ, ನೋವು ಇಳಿದ ಮೇಲೆ ಸೇರಿಸಿಕೊಳ್ಳಿ. ಹಳೆಯ ಸೈಕಲ್ ಟ್ಯೂಬನ್ನು ಕೊಟ್ಟಿಗೆಯ ಕಂಬಕ್ಕೆ ಹೊಕ್ಕುಳ ಎತ್ತರಕ್ಕೆ ಕಟ್ಟಿ. ಎರಡು ತುದಿಗಳನ್ನು ಹಿಡಿದು, ಮೊಣಕೈ ಮೈಗೆ ತಾಗಿದಂತೆ ಹಿಂದಕ್ಕೆ ಎಳೆದು ನಿಧಾನವಾಗಿ ಬಿಡಿ. 10 ಸಲ ಮಾಡಿ, ಸುಧಾರಿಸಿಕೊಂಡು ಮತ್ತೆ 10 ಸಲ. ದಿನ ಬಿಟ್ಟು ದಿನ ಸಾಕು. ಕತ್ತಿನ ಭಾರವನ್ನು ಬೆನ್ನು ಹಂಚಿಕೊಳ್ಳುವಂತೆ ಮಾಡುವುದು ಇದೇ.

ಎಷ್ಟು ನೋವಿದ್ದರೆ ಮಾಡಬಹುದು? ಮಾಡುವಾಗ ಸ್ವಲ್ಪ ಎಳೆದಂತಾದರೆ ತಪ್ಪಿಲ್ಲ. ನೋವು ತೋಳಿಗೆ ಇಳಿದರೆ, ತಲೆ ಸುತ್ತಿದರೆ ನಿಲ್ಲಿಸಿ. ಮರುದಿನ ಬೆಳಿಗ್ಗೆಯವರೆಗೂ ನೋವು ಹೆಚ್ಚಾಗಿಯೇ ಉಳಿದರೆ ಎಣಿಕೆಯನ್ನು ಅರ್ಧ ಮಾಡಿ.

ಯಾವಾಗ ಮಾಡುವುದು? ಬೇರೆ ಸಮಯ ಹುಡುಕಬೇಡಿ, ಸಿಗುವುದಿಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಕೂಡಲೇ ಒಂದು ಸಲ, ಸಂಜೆ ಹಾಲು ಹಾಕಿ ಬಂದ ಕೂಡಲೇ ಒಂದು ಸಲ. ಡೇರಿಯಲ್ಲಿ ಸರದಿ ನಿಂತಿರುವಾಗ ವ್ಯಾಯಾಮ 1 ಮತ್ತು 2 ಅನ್ನು ನಿಂತಲ್ಲೇ ಮಾಡಬಹುದು. ಕನಿಷ್ಠ ಆರು ವಾರ ಬಿಡದೆ ಮಾಡಿ. ಮೊದಲ ವಾರದಲ್ಲಿ ದೊಡ್ಡ ವ್ಯತ್ಯಾಸ ಕಾಣದಿದ್ದರೆ ಬೇಸರಪಡಬೇಡಿ. ಹೊಸ ಪಶು ಆಹಾರ ಹಾಕಿದ ಮರುದಿನವೇ ಹಾಲು ಏರುವುದಿಲ್ಲವಲ್ಲ, ಹಾಗೆ.

ನೋವು ಜಾಸ್ತಿಯಿದ್ದಾಗ ಬಿಸಿನೀರಿನ ಚೀಲ ಅಥವಾ ಬಟ್ಟೆಯಲ್ಲಿ ಕಟ್ಟಿದ ಬಿಸಿ ಉಪ್ಪಿನ ಗಂಟಿನಿಂದ 15 ನಿಮಿಷ ಶಾಖ ಕೊಡಿ. ಬರಿ ಚರ್ಮಕ್ಕೆ ತಾಗಿಸಬೇಡಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಿರುವವರು ಬಿಸಿಯನ್ನು ಬೇರೆಯವರ ಕೈಯಲ್ಲಿ ನೋಡಿಸಿಕೊಳ್ಳಿ.

ಕೆಲಸದ ರೀತಿ ಬದಲಿಸಿ

ವ್ಯಾಯಾಮ ಇಪ್ಪತ್ತು ನಿಮಿಷ, ಕೆಲಸ ಹದಿನಾಲ್ಕು ಗಂಟೆ. ಆದ್ದರಿಂದ ಈ ಭಾಗವೇ ಹೆಚ್ಚು ಮುಖ್ಯ.

ಹಾಲು ಕರೆಯುವಾಗ: ಕುಕ್ಕರುಗಾಲಲ್ಲಿ ಕೂರುವ ಬದಲು ಚಿಕ್ಕ ಸ್ಟೂಲ್ ಅಥವಾ ಎತ್ತರದ ಮಣೆಯ ಮೇಲೆ ಕುಳಿತುಕೊಳ್ಳಿ. ಹಸುವಿನ ಹತ್ತಿರಕ್ಕೆ ಸರಿದು ಕುಳಿತರೆ ಕೈ ಚಾಚಬೇಕಿಲ್ಲ, ಕತ್ತು ಮುಂದಕ್ಕೆ ಹೋಗುವುದಿಲ್ಲ. ತಲೆಯನ್ನು ಹಸುವಿನ ಮೈಗೆ ಒತ್ತಿ ತಿರುಚಿಕೊಳ್ಳಬೇಡಿ. ಹೆಬ್ಬೆರಳು ಮಡಚಿ ಎಳೆಯದೆ ಪೂರ್ಣ ಮುಷ್ಟಿಯಲ್ಲಿ ಕರೆಯಿರಿ. ಮೊಲೆತೊಟ್ಟಿಗೆ ಪೆಟ್ಟಾಗಬಾರದೆಂದು ನಾವು ಯಾವಾಗಲೂ ಹೇಳುವ ಮಾತು ಇದು. ನಿಮ್ಮ ಮಣಿಕಟ್ಟಿಗೂ ಭುಜಕ್ಕೂ ಇದೇ ಒಳ್ಳೆಯದು. ಎರಡು ಹಸುಗಳ ನಡುವೆ ಎದ್ದು ನಿಂತು ಭುಜ ಹಿಂದಕ್ಕೆ ಮಾಡಿ ಐದು ಉಸಿರು ತೆಗೆದುಕೊಳ್ಳಿ.

ಮೇವು ತರುವಾಗ: 30 ಕೆ.ಜಿ.ಯ ಒಂದು ಹೊರೆಯ ಬದಲು 15 ಕೆ.ಜಿ.ಯ ಎರಡು ಹೊರೆ ಮಾಡಿ. ಸಾಧ್ಯವಿದ್ದರೆ ತಳ್ಳುಗಾಡಿ, ಸೈಕಲ್, ಮೊಪೆಡ್ ಬಳಸಿ. ತಲೆಯ ಮೇಲೆ ಹೊರಲೇಬೇಕಾದರೆ ಅಗಲವಾದ ಮೆತ್ತನೆಯ ಸಿಂಬೆ ಇಟ್ಟು, ಹೊರೆಯ ನಡುಭಾಗ ನೆತ್ತಿಯ ಮೇಲೆ ಬರುವಂತೆ ಇಡಿ. ಎತ್ತುವಾಗಲೂ ಇಳಿಸುವಾಗಲೂ ಇನ್ನೊಬ್ಬರ ಕೈ ಇರಲಿ. ಯಾರೂ ಇಲ್ಲದಿದ್ದರೆ ಎದೆಮಟ್ಟದ ಕಟ್ಟೆಯ ಮೇಲೆ ಹೊರೆ ಇಟ್ಟು ಅಲ್ಲಿಂದ ತಲೆಗೆ ತೆಗೆದುಕೊಳ್ಳಿ. ತಲೆ ಝಾಡಿಸಿ ಹೊರೆ ಕೆಡವುವ ಅಭ್ಯಾಸವನ್ನು ಇಂದೇ ಬಿಡಿ. ನೋವು ಜೋರಾಗಿರುವ ವಾರಗಳಲ್ಲಿ ತಲೆಹೊರೆ ಪೂರ್ತಿ ಬೇಡ. ಹಾಲು ಕರೆಯುವುದನ್ನು ನಿಲ್ಲಿಸಬೇಕಿಲ್ಲ, ಹೊರೆಯನ್ನು ಮಾತ್ರ ಮನೆಯ ಇನ್ನೊಬ್ಬರಿಗೆ ಕೊಡಿ.

ಕೊಟ್ಟಿಗೆಯಲ್ಲಿ: ಮೋಟು ಪೊರಕೆಗೆ ಎದೆಮಟ್ಟದ ಕೋಲು ಕಟ್ಟಿ. ಸಗಣಿಯನ್ನು ಉದ್ದ ಹಿಡಿಯ ಸಲಿಕೆಯಿಂದ ಬಾಚಿ, ತಲೆಯ ಮೇಲೆ ಹೊರದೆ ಗಾಡಿಯಲ್ಲಿ ತಳ್ಳಿ. 50 ಕೆ.ಜಿ. ಪಶು ಆಹಾರದ ಮೂಟೆಯನ್ನು ಒಬ್ಬರೇ ಎತ್ತಬೇಡಿ. ಇಳಿಸಿದ ಜಾಗದಲ್ಲೇ ಬಿಚ್ಚಿ ಡಬ್ಬಕ್ಕೆ ತುಂಬಿಕೊಳ್ಳಿ. ಮೇವು ಕತ್ತರಿಸುವ ಯಂತ್ರವನ್ನು ಸೊಂಟದ ಎತ್ತರಕ್ಕೆ ನಿಲ್ಲಿಸಿ. ಸೆರಗು, ಜಡೆ, ಬಳೆ ಅದಕ್ಕೆ ಸಿಕ್ಕದಂತೆ ಕಟ್ಟಿಕೊಂಡೇ ನಿಲ್ಲಿ.

ಡೇರಿಗೆ ಹೋಗುವಾಗ: ಒಂದೇ ಕೈಯಲ್ಲಿ 10 ಲೀಟರ್ ಕ್ಯಾನ್ ಹಿಡಿದರೆ ಒಂದು ಭುಜ ಕೆಳಗೆ ಎಳೆದು ಕತ್ತು ಸೊಟ್ಟಗಾಗುತ್ತದೆ. 5 ಲೀಟರಿನ ಎರಡು ಕ್ಯಾನ್ ಮಾಡಿ ಎರಡೂ ಕೈಗೆ ಹಂಚಿ.

ರಾತ್ರಿ: ಎರಡು ಮೂರು ದಿಂಬು ಬೇಡ, ದಿಂಬೇ ಇಲ್ಲದೆಯೂ ಬೇಡ. ಪಕ್ಕಕ್ಕೆ ಮಲಗಿದಾಗ ಮೂಗು ಎದೆಯ ನಡುಗೆರೆಗೆ ನೇರವಾಗಿರುವಷ್ಟು ಎತ್ತರದ ಒಂದು ದಿಂಬು ಸಾಕು. ಕವುಚಿ ಮಲಗಬೇಡಿ. ಮೊಬೈಲ್ ನೋಡುವಾಗ ಅದನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿಯಿರಿ.

ಮಾಡಬಾರದ ಕೆಲವು

ನೆಟಿಗೆ ತೆಗೆಸುವುದು: ಕತ್ತನ್ನು ಹಿಡಿದು ಲಟಕ್ಕನೆ ತಿರುಗಿಸುವವರ ಕೈಗೆ ತಲೆ ಕೊಡಬೇಡಿ. ಕತ್ತಿನ ಮೂಳೆಗಳ ಒಳಗಿನಿಂದಲೇ ಮಿದುಳಿಗೆ ರಕ್ತ ಒಯ್ಯುವ ನಾಳಗಳು ಹೋಗುತ್ತವೆ. ಅಪರೂಪಕ್ಕೆ ಅವು ಹರಿದು ಲಕ್ವ ಹೊಡೆಯುವುದುಂಟು. ಎಣ್ಣೆ ಹಚ್ಚಿ ಮೆಲ್ಲಗೆ ನೀವಿಸಿಕೊಂಡರೆ ಅಡ್ಡಿಯಿಲ್ಲ.

ಮಾತ್ರೆಯ ಅಭ್ಯಾಸ: ಎರಡು ಮೂರು ದಿನ ವೈದ್ಯರು ಹೇಳಿದಂತೆ ನೋವಿನ ಮಾತ್ರೆ ತೆಗೆದುಕೊಳ್ಳುವುದು ಬೇರೆ. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದು ಬೇರೆ. ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಕಿಡ್ನಿಗೆ ತೊಂದರೆಯಾಗಬಹುದು, ಬಿ.ಪಿ. ಏರಬಹುದು. ದನಗಳಿಗೆ ತಂದ ಚುಚ್ಚುಮದ್ದು, ಮುಲಾಮನ್ನು ಎಂದಿಗೂ ಬಳಸಬೇಡಿ.

ಕತ್ತಿನ ಪಟ್ಟಿ: ಕಾಲರ್ ಹಾಕಿಕೊಂಡೇ ತಿಂಗಳುಗಟ್ಟಲೆ ಇದ್ದರೆ ಕತ್ತಿನ ಸ್ನಾಯು ಸೊರಗುತ್ತದೆ. ವೈದ್ಯರು ಹೇಳಿದಷ್ಟು ದಿನ ಮಾತ್ರ ಹಾಕಿ.

ಮನೆಯವರಿಗೆ ಒಂದು ಮಾತು

ಈ ಪುಟವನ್ನು ಮನೆಯಲ್ಲಿ ಓದಿ ಹೇಳಿ. ತಳ್ಳುಗಾಡಿ ಕೊಳ್ಳುವುದು, ಹೊರೆ ಹಂಚಿಕೊಳ್ಳುವುದು, ಪೊರಕೆಗೆ ಕೋಲು ಕಟ್ಟುವುದು ಹೆಂಗಸರು ಒಬ್ಬರೇ ಮಾಡುವ ತೀರ್ಮಾನವಲ್ಲ. ಹಸುವಿಗೆ ರಬ್ಬರ್ ಮ್ಯಾಟ್ ತರಿಸುವಾಗ "ಅದರ ಕಾಲು ನೋಯಬಾರದು" ಎಂದು ಯೋಚಿಸುವ ಮನೆ, ಆ ಹಸುವನ್ನು ಸಾಕುವವಳ ಕತ್ತಿನ ಬಗ್ಗೆಯೂ ಯೋಚಿಸಬೇಕು. ಅವಳ ಕೈಬಲ ಹೋದರೆ ಕೊಟ್ಟಿಗೆಯಲ್ಲಿ ಎಷ್ಟು ಹಸುಗಳಿದ್ದರೂ ಡೇರಿಗೆ ಹಾಲು ಹೋಗುವುದಿಲ್ಲ.

ಮುಂದಿನ ಮಹಿಳಾ ಸಂಘದ ಸಭೆಯಲ್ಲಿ ಹತ್ತು ನಿಮಿಷ ಇದಕ್ಕೆ ಇಡಿ. ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಆರು ವ್ಯಾಯಾಮಗಳನ್ನು ಒಟ್ಟಿಗೆ ಮಾಡಿ ನೋಡಿ. ಯಾರ ಕೈಯಿಂದಾದರೂ ಪಾತ್ರೆ ಜಾರುತ್ತಿದ್ದರೆ, ಯಾರಿಗಾದರೂ ಬಿಡದ ಜ್ವರ, ನೋವು ಇದ್ದರೆ ಅಲ್ಲೇ ತಿಳಿಯುತ್ತದೆ. ಅವರನ್ನು ಮರುದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.

ನೆನಪಿಡಿ (ಕತ್ತರಿಸಿ ಕೊಟ್ಟಿಗೆಯ ಗೋಡೆಗೆ ಅಂಟಿಸಿಕೊಳ್ಳಿ)

1. ಬೆಳಿಗ್ಗೆ ಹಾಲು ಹಾಕಿ ಬಂದು 10 ನಿಮಿಷ, ಸಂಜೆ ಹಾಲು ಹಾಕಿ ಬಂದು 10 ನಿಮಿಷ ವ್ಯಾಯಾಮ. ಆರು ವಾರ.
2. ಒಂದು ದೊಡ್ಡ ಹೊರೆ ಬೇಡ, ಎರಡು ಚಿಕ್ಕ ಹೊರೆ. ತಲೆ ಝಾಡಿಸಿ ಕೆಡವಬೇಡಿ.
3. ಸ್ಟೂಲ್ ಮೇಲೆ, ಹಸುವಿನ ಹತ್ತಿರ ಕುಳಿತು, ಪೂರ್ಣ ಮುಷ್ಟಿಯಲ್ಲಿ ಹಾಲು ಕರೆಯಿರಿ.
4. ನೆಟಿಗೆ ಬೇಡ, ತಿಂಗಳುಗಟ್ಟಲೆ ಮಾತ್ರೆ ಬೇಡ.
5. ಕೈ ಬಲಹೀನವಾದರೆ, ನಡಿಗೆ ತಪ್ಪಿದರೆ, ಜ್ವರ ಬಿಡದಿದ್ದರೆ, ಪೆಟ್ಟು ಬಿದ್ದಿದ್ದರೆ ಅಂದೇ ವೈದ್ಯರ ಬಳಿಗೆ.
6. ಆರು ವಾರ ಸರಿಯಾಗಿ ಮಾಡಿಯೂ ನೋವು ಕಡಿಮೆಯಾಗದಿದ್ದರೆ ಮತ್ತೆ ತೋರಿಸಿ.